ಕಾರವಾರದಲ್ಲಿ ನಾನು ಹಾಲಿನ ಸ್ಯಾಂಪಲ್ ತೆಗೆಯುತ್ತಿದ್ದ ಬಗೆ

1980ರ ದಶಕದಲ್ಲಿ ನಾನು ಕಾರವಾರದಲ್ಲಿ ಫುಡ್ ಇನ್‌ಸ್ಪೆಕ್ಟರ್ ಆಗಿದ್ದೆ. ಆಗ ನಮ್ಮ ಕೈಯಲ್ಲಿದ್ದದ್ದು 1954ರ ಆಹಾರ ಕಲಬೆರಕೆ ತಡೆ ಕಾಯ್ದೆ. ಬೆಳಿಗ್ಗೆ ಆರಕ್ಕೇ ಹೋಗಿ ಕೋಡಿಬಾಗದಲ್ಲಿ ನಿಲ್ಲುತ್ತಿದ್ದೆ. ಕಾಳಿ ನದಿ ಬದಿಯ ಹಳ್ಳಿಗಳ ಹಾಲು ಪೇಟೆಗೆ ಬರುವ ಹೊತ್ತು ಅದು.

ನನ್ನ ಮೊದಲ ಹಾಲಿನ ಕೇಸು ಬಿದ್ದುಹೋಯಿತು. ವಕೀಲರು ಕೇಳಿದ್ದು ಒಂದೇ ಪ್ರಶ್ನೆ: "ತೆಗೆಯುವ ಮೊದಲು ಹಾಲು ಕಲಕಿದ್ರಾ?" ಪಂಚನಾಮೆಯಲ್ಲಿ ನಾನು ಅದನ್ನು ಬರೆದಿರಲಿಲ್ಲ. ಕ್ಯಾನು ಸುಮ್ನೆ ನಿಂತರೆ ಕೆನೆ ಮೇಲೆ ಬರುತ್ತದೆ. ಮೇಲಿಂದ ತೆಗೆದರೆ ಜಿಡ್ಡು ಜಾಸ್ತಿ, ಅಡಿಯಿಂದ ತೆಗೆದರೆ ಕಡಿಮೆ. ಹಾಗಾದರೆ ಆ ಸ್ಯಾಂಪಲ್ ಇಡೀ ಕ್ಯಾನಿನ ಮಾತು ಹೇಳುವುದಿಲ್ಲ, ಅಲ್ವಾ? ಅಂದಿನಿಂದ ಒಂದು ಕ್ಯಾನಿಂದ ಇನ್ನೊಂದಕ್ಕೆ ನಾಲ್ಕೈದು ಸಲ ಸುರಿಸಿ, ಆಮೇಲೆ 660 ಮಿಲಿ ಅಳೆದು, ದುಡ್ಡು ಕೊಟ್ಟು ರಸೀದಿ ಬರೆಸಿಕೊಳ್ಳುತ್ತಿದ್ದೆ. ಒಣಗಿದ ಮೂರು ಬಾಟಲಿಗೆ 220ರಂತೆ ಹಾಕಿ, ಕೆಡದಿರಲಿ ಅಂತ ಒಂದೊಂದಕ್ಕೂ 18 ಹನಿ ಫಾರ್ಮಲಿನ್.

ಕಷ್ಟ ಇದ್ದದ್ದು ಸೀಲು ಮಾಡುವುದರಲ್ಲಿ. ಬಾಟಲಿಗೆ ದಪ್ಪ ಕಾಗದ ಸುತ್ತಬೇಕು. ಅಡಿಯಿಂದ ತುದಿಯವರೆಗೆ ನಂಬರಿನ ಚೀಟಿ ಅಂಟಿಸಬೇಕು. ಮಾರುವವರ ಸಹಿ ಅರ್ಧ ಚೀಟಿ ಮೇಲೆ, ಅರ್ಧ ಕಾಗದದ ಮೇಲೆ ಬೀಳಬೇಕು. ಆಮೇಲೆ ದಾರ ಕಟ್ಟಿ ನಾಲ್ಕು ಕಡೆ ಅರಗಿನ ಸೀಲು: ಮೇಲೊಂದು, ಕೆಳಗೊಂದು, ಮೈಮೇಲೆ ಎರಡು. ಕೋಡಿಬಾಗದ ಗಾಳಿಗೆ ಮೇಣದಬತ್ತಿ ನಿಲ್ಲುತ್ತಿರಲಿಲ್ಲ. ಪಂಚರಲ್ಲಿ ಒಬ್ಬರು ಕೊಡೆ ಅಡ್ಡ ಹಿಡಿಯುವರು, ಅದರ ಮರೆಯಲ್ಲಿ ಕೂತು ನಾನು ಅರಗು ಕರಗಿಸುವೆ. ಸೀಲಿನ ಅಕ್ಷರ ಕಲಸಿಹೋದರೆ ಅರಗು ಕೆರೆದು ಮತ್ತೆ ಮೊದಲಿಂದ. ಒಂದು ಬಾಟಲಿ ಲ್ಯಾಬಿಗೆ, ಉಳಿದ ಎರಡು ನಮ್ಮ ಮೇಲಿನ ಆರೋಗ್ಯಾಧಿಕಾರಿಗೆ.

ಲ್ಯಾಕ್ಟೋಮೀಟರ್, ಅಂದರೆ ಹಾಲಿನಲ್ಲಿ ತೇಲಿಬಿಟ್ಟು ಅದರ ಸಾಂದ್ರತೆ ನೋಡುವ ಗಾಜಿನ ಕೊಳವೆ, ಅದರ ಬಗ್ಗೆ ಒಂದು ಮಾತು. ಬರೀ ಅದನ್ನೇ ನಂಬಬೇಡಿ. ಒಳ್ಳೆಯ ಹಸುವಿನ ಹಾಲು 28ರಿಂದ 32 ತೋರಿಸುತ್ತದೆ. ನೀರು ಬೆರೆಸಿದರೆ ಇಳಿಯುತ್ತದೆ, ಕೆನೆ ತೆಗೆದರೆ ಏರುತ್ತದೆ. ಎರಡನ್ನೂ ಮಾಡಿದವನ ಹಾಲು ಮತ್ತೆ 30ಕ್ಕೇ ಬಂದು ನಿಲ್ಲುತ್ತದೆ! ಅದು ಸಿಕ್ಕಿಬೀಳುವುದು ಲ್ಯಾಬಿನಲ್ಲಿ ಜಿಡ್ಡು ಅಳೆದಾಗಲೇ. ನನ್ನ ಲ್ಯಾಕ್ಟೋಮೀಟರ್‌ನ ಗುರುತು 60 ಡಿಗ್ರಿ ಫ್ಯಾರನ್‌ಹೀಟಿನದು. ನಮ್ಮ ಕರಾವಳಿಯಲ್ಲಿ ಹಾಲು 85 ಇರುತ್ತದೆ. 60ರ ಮೇಲಿನ ಪ್ರತಿ ಡಿಗ್ರಿಗೆ, ಅದು ತೋರಿಸಿದ ಅಂಕಿಗೆ 0.1 ಸೇರಿಸದಿದ್ದರೆ ಪ್ರಾಮಾಣಿಕರ ಹಾಲೂ ನೀರು ಹಾಕಿದಂತೆ ಕಾಣುತ್ತದೆ.

ಒಂದು ಏಪ್ರಿಲ್‌ನಲ್ಲಿ ಒಬ್ಬ ಹೆಂಗಸಿನ ಕ್ಯಾನು ನೋಡಿದೆ. ಎಲ್ಲ ಲೆಕ್ಕ ಹಾಕಿದ ಮೇಲೂ ಲ್ಯಾಕ್ಟೋಮೀಟರ್ ತೋರಿಸಿದ್ದು 24. ಕ್ಯಾನಿನ ಕಂಠದೊಳಗೆ ಭತ್ತದ ಉಮಿ ಅಂಟಿತ್ತು.

"ಇದೆಂತದ್ದು ಅಕ್ಕ?"

"ಬಿಸಿಲಿಗೆ ಹಾಲು ಒಡೀತದೆ ಸಾಯ್ಬ್ರೆ. ಮೀನಿನವರ ಹತ್ರ ಐಸ್ ತಕಂಡು ಒಂದೆರಡು ತುಂಡು ಹಾಕ್ದೆ."

ಉಮಿಯಲ್ಲಿ ಮುಚ್ಚಿಟ್ಟ, ಮೀನಿಗೆ ಹಾಕುವ ಐಸು. ಎಲ್ಲಿಯ ನೀರೋ. ಅದು ಮಕ್ಕಳು ಕುಡಿಯುವ ಹಾಲು. ಬಿಡುವ ಹಾಗಿರಲಿಲ್ಲ, ಸ್ಯಾಂಪಲ್ ತೆಗೆದೆ. ಜಿಡ್ಡಿಲ್ಲದ ಘನಾಂಶ, ಅಂದರೆ ನೀರು ಮತ್ತು ಜಿಡ್ಡು ಬಿಟ್ಟು ಹಾಲಿನಲ್ಲಿ ಉಳಿಯುವ ಭಾಗ, ನೂರಕ್ಕೆ 8.5 ಇರಬೇಕಾದಲ್ಲಿ 7.1 ಬಂತು. ಅಂದರೆ ನೂರಕ್ಕೆ 16 ಪಾಲು ನೀರು. ಆಗಿನ ಕಾಯ್ದೆಯಲ್ಲಿ ಇಂಥದಕ್ಕೆ ಕನಿಷ್ಠ 6 ತಿಂಗಳು ಜೈಲು, 1000 ರೂಪಾಯಿ ದಂಡ. ಲಾಭಕ್ಕೆ ನೀರು ಹಾಕಿದವನಿಗೂ, ಹಾಲು ಉಳಿಸಲು ಐಸು ಹಾಕಿದವಳಿಗೂ ಒಂದೇ ಲೆಕ್ಕ. ಕೇಸು ನಾನೇ ಹಾಕಿದೆ. ಅವಳಿಗೆ ಶಿಕ್ಷೆಯಾಯಿತು. ನನಗೆ ಇವತ್ತಿಗೂ ಅದು ನೋವು.

ಮುಂದಿನ ಬೇಸಿಗೆ ಶುರುವಾಗುವ ಮೊದಲೇ ಹದಿನೈದು ದಿನ ನಾನು ಬಾಟಲಿ ಒಯ್ಯಲಿಲ್ಲ. ಬಕೆಟ್ ಮತ್ತು ಗೋಣಿಚೀಲ ಒಯ್ದೆ. ಐಸು ಬಕೆಟ್ಟಿಗೆ ಹಾಕಿ, ಅದರಲ್ಲಿ ಮುಚ್ಚಿದ ಕ್ಯಾನು ಇಟ್ಟು, ಮೇಲೆ ಒದ್ದೆ ಗೋಣಿ ಸುತ್ತಿ ತೋರಿಸಿದೆ. ಐಸು ಹೊರಗೆ, ಹಾಲು ಒಳಗೆ. ಮೊದಲು ಯಾರೂ ಹತ್ತಿರ ಬರಲಿಲ್ಲ, ಸಾಯ್ಬ್ರು ಕೇಸು ಹಾಕಲಿಕ್ಕೇ ಬಂದದ್ದು ಅಂತ. ಏಪ್ರಿಲ್‌ನಲ್ಲಿ ಬಾಟಲಿ ಹಿಡಿದು ಮತ್ತೆ ಹೋದಾಗ, ಕೋಡಿಬಾಗಕ್ಕೆ ಬಂದ ಆರು ಕ್ಯಾನಿನಲ್ಲಿ ನಾಲ್ಕಕ್ಕೆ ಒದ್ದೆ ಗೋಣಿ ಇತ್ತು.