ಓಮ್‌ನ ನಿಯಮದ ಪೆಟ್ಟಿಗೆಯನ್ನು ಬೇರೆ ಶಾಲೆಗಳಿಗೆ ದಾಟಿಸಿದ್ದು ಹೀಗೆ

ಹತ್ತನೇ ತರಗತಿಯ ವಿದ್ಯುತ್ ಪಾಠದ ಓಮ್‌ನ ನಿಯಮವನ್ನು (ವೋಲ್ಟ್ ಎಷ್ಟು ಪಟ್ಟು ಹೆಚ್ಚಿದರೆ ಪ್ರವಾಹವೂ ಅಷ್ಟೇ ಪಟ್ಟು ಹೆಚ್ಚುತ್ತದೆ ಎಂಬುದನ್ನು) ಸಾಮಾನಿನ ಪೆಟ್ಟಿಗೆ ಕೊಟ್ಟು ಮಕ್ಕಳ ಕೈಯಲ್ಲೇ ಮಾಡಿಸುವ ಕ್ರಮ ನಮ್ಮ ಪ್ರೌಢಶಾಲೆಯಲ್ಲಿ ಗಟ್ಟಿಯಾದ ಮೇಲೆ ಅದನ್ನು ತಾಲ್ಲೂಕಿನ ಇತರ ಶಾಲೆಗಳಿಗೂ ಕೊಟ್ಟೆವು. ಮಾಡಿಸುವುದಕ್ಕಿಂತ ಕೊಡುವುದೇ ಕಷ್ಟ. ಶಿಕ್ಷಕರ ವಿಷಯ ವೇದಿಕೆಯ ಸಭೆಯಲ್ಲಿ ಪಿಪಿಟಿ ತೋರಿಸಿದರೆ ಚಪ್ಪಾಳೆ ಬೀಳುತ್ತದೆ, ಫೋಟೋ ಗ್ರೂಪಿಗೆ ಹೋಗುತ್ತದೆ, ಮುಂದಿನ ಸೋಮವಾರ ಯಾವ ಶಾಲೆಯಲ್ಲೂ ಒಂದು ವೈರ್ ಜೋಡಿಸಿರುವುದಿಲ್ಲ.

ತೆಗೆದುಕೊಳ್ಳುವವರು ಯಾರು ಎಂಬುದನ್ನು ಮೊದಲು ನೋಡಬೇಕು. ಸಣ್ಣ ಶಾಲೆಗಳಲ್ಲಿ ಪಿಸಿಎಂ (ಭೌತ, ರಸಾಯನ, ಗಣಿತ) ಶಿಕ್ಷಕರು ಗಣಿತದಲ್ಲೇ ಮುಳುಗಿರುತ್ತಾರೆ. ವಿಜ್ಞಾನವೆಲ್ಲ ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಶಿಕ್ಷಕರ ಪಾಲಿಗೆ. ಸಸ್ಯಶಾಸ್ತ್ರ ಓದಿ ಬಂದವರು ವಿದ್ಯುತ್ ಪ್ರವಾಹ ಅಳೆಯುವ ಅಮ್ಮೀಟರ್ ಕೈಯಲ್ಲಿ ಹಿಡಿದು ಎಷ್ಟೋ ವರ್ಷವಾಗಿರುತ್ತದೆ. ಅದನ್ನು ಹತ್ತು ಜನರ ಮುಂದೆ ಹೇಳಿಕೊಳ್ಳಲು ಯಾರಿಗೂ ಇಷ್ಟವಿಲ್ಲ. ಪೆಟ್ಟಿಗೆಯ ಜೊತೆ ಹಂಚುವ ನಮ್ಮ ಟಿಪ್ಪಣಿಯನ್ನು ಅವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದೆವು.

ಪಠ್ಯದ ಚಟುವಟಿಕೆ ಅರ್ಧ ಮೀಟರ್ ನೈಕ್ರೋಮ್ ತಂತಿ ಮತ್ತು 1.5 ವೋಲ್ಟಿನ ನಾಲ್ಕು ಸೆಲ್ ಬಳಸಿ ಎನ್ನುತ್ತದೆ. ಶಾಲೆಗಳಲ್ಲಿ ಸಾಮಾನ್ಯವಾಗಿ ಸಿಗುವುದು 500 ಮಿಲಿಆಂಪಿಯರ್ ಅಳತೆಯ ಅಮ್ಮೀಟರ್. 26 ಗೇಜ್ ದಪ್ಪದ ಅರ್ಧ ಮೀಟರ್ ತಂತಿಯ ರೋಧ (ಪ್ರವಾಹಕ್ಕೆ ಒಡ್ಡುವ ತಡೆ) ಸುಮಾರು ಮೂರೂವರೆ ಓಮ್. ಎರಡನೇ ಸೆಲ್ ಸೇರಿಸುತ್ತಿದ್ದಂತೆ ಪ್ರವಾಹ 500 ದಾಟಿ ಮುಳ್ಳು ಕೊನೆಗೆ ಹೋಗಿ ಬಡಿಯುತ್ತದೆ, ಶಿಕ್ಷಕರು ಗಾಬರಿಯಾಗಿ ಎಲ್ಲವನ್ನೂ ಕಪಾಟಿಗೆ ಸೇರಿಸುತ್ತಾರೆ. ಪ್ರಯೋಗ ಕೆಡುವುದು ಇಲ್ಲೇ. ಆದ್ದರಿಂದ ತಂತಿಯ ಬದಲು 10 ಓಮ್, 5 ವ್ಯಾಟ್‌ನ ವೈರ್‌ವೌಂಡ್ (ತಂತಿ ಸುತ್ತಿದ) ರೆಸಿಸ್ಟರ್ ಹಾಕಿದೆವು. ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ. ಮೂರು ಸೆಲ್‌ಗೆ 450 ಮಿಲಿಆಂಪಿಯರ್, ಮುಳ್ಳು ಅಳತೆಯೊಳಗೇ ನಿಲ್ಲುತ್ತದೆ. ರೆಸಿಸ್ಟರ್ ಎಷ್ಟು ಶಕ್ತಿ ತಾಳಬಲ್ಲದು ಎಂದು ಹೇಳುವ ‘5 ವ್ಯಾಟ್’ ಎಂಬುದಕ್ಕೆ ಟಿಪ್ಪಣಿಯಲ್ಲಿ ಎರಡು ಗೆರೆ ಎಳೆಯಿರಿ. ಅದೇ 10 ಓಮ್ ಎಂದು ಕಾಲು ವ್ಯಾಟಿನದನ್ನು ತಂದರೆ ಮೂರು ಸೆಲ್‌ಗೆ ಅದರ ಮೇಲೆ ಎರಡು ವ್ಯಾಟ್ ಬೀಳುತ್ತದೆ, ಹೊಗೆ ಏಳುತ್ತದೆ.

ಒಂದು ಪೆಟ್ಟಿಗೆಗೆ: ಟಾರ್ಚಿನ ದೊಡ್ಡ ಸೆಲ್ ಮೂರು, ಹೋಲ್ಡರ್, ಆ ರೆಸಿಸ್ಟರ್, ಪ್ಲಗ್ ಕೀ, 0–500 ಮಿಲಿಆಂಪಿಯರ್ ಅಮ್ಮೀಟರ್, 0–5 ವೋಲ್ಟ್ ವೋಲ್ಟ್‌ಮೀಟರ್, ಕ್ರೊಕೊಡೈಲ್ ಕ್ಲಿಪ್ ಇರುವ ವೈರ್ ಎಂಟು, ಒಂದು ತುಂಡು ಉಪ್ಪು ಕಾಗದ. ಹೋಲ್ಡರಿನ ತುಕ್ಕು ಉಜ್ಜದಿದ್ದರೆ ಮುಳ್ಳು ಕುಣಿಯುತ್ತದೆ.

ತರಗತಿಯಲ್ಲಿ 48 ಮಕ್ಕಳು, ಪೆಟ್ಟಿಗೆ ನಾಲ್ಕು, ಪಿರಿಯಡ್ 40 ನಿಮಿಷ. ಆರು ಜನರ ಎಂಟು ಗುಂಪು. ನಾಲ್ಕು ಗುಂಪು ಪ್ರಯೋಗದಲ್ಲಿ, ನಾಲ್ಕು ಗುಂಪು ಕೊಟ್ಟ ಅಳತೆಗಳಿಂದ ಗ್ರಾಫ್ ಎಳೆಯುವುದರಲ್ಲಿ. 16 ನಿಮಿಷಕ್ಕೆ ಅದಲುಬದಲು. ಉಳಿದ ಎಂಟು ನಿಮಿಷ ಹಂಚಲು, ಎತ್ತಿಡಲು. ಪ್ಲಗ್ ಕೀ ಹಾಕುವುದು ಮೀಟರ್ ಓದುವ ಐದು ಸೆಕೆಂಡಿಗೆ ಮಾತ್ರ.

ಹಂಚಿದ ಟಿಪ್ಪಣಿ ನಾಲ್ಕೇ ಪುಟ. ಸಾಮಾನು ಮತ್ತು ಸಮಯದ ಪಟ್ಟಿ ಎರಡು ಪುಟದಲ್ಲಿ ಮುಗಿಯುತ್ತದೆ. ಮೂರನೇ ಪುಟದ ತಲೆಬರಹ ‘ಎಲ್ಲಿ ಕೆಡುತ್ತದೆ’. ವೋಲ್ಟ್‌ಮೀಟರನ್ನು ರೆಸಿಸ್ಟರಿನ ಎರಡು ತುದಿಗೆ ಸಮಾಂತರವಾಗಿ ಹಾಕುವ ಬದಲು ಸರಣಿಯಲ್ಲಿ, ಅಂದರೆ ಪ್ರವಾಹದ ದಾರಿಯಲ್ಲೇ, ಜೋಡಿಸಿದರೆ ಅದು ಸೆಲ್‌ನ ಪೂರ್ತಿ ವೋಲ್ಟ್ ತೋರಿಸುತ್ತದೆ, ಅಮ್ಮೀಟರ್ ಮಾತ್ರ ಅಲುಗುವುದಿಲ್ಲ. ವೋಲ್ಟನ್ನು ಪ್ರವಾಹದಿಂದ ಭಾಗಿಸಿದರೆ ರೋಧ 10 ಓಮ್ ಬರಬೇಕು, ಮಕ್ಕಳು ಮಿಲಿಆಂಪಿಯರನ್ನು ಆಂಪಿಯರ್ ಮಾಡದೆ ಭಾಗಿಸಿ 0.01 ಎಂದು ಬರೆಯುತ್ತಾರೆ. ಹಳೆಯ ಸೆಲ್ 1.3 ವೋಲ್ಟ್ ತೋರಿಸಿದರೂ ‘ಪುಸ್ತಕದಲ್ಲಿ 1.5 ಇದೆ’ ಎಂದು 1.5 ಅನ್ನೇ ಬರೆಯುತ್ತಾರೆ, ಗ್ರಾಫ್ ವಕ್ರವಾಗುತ್ತದೆ. ಕಂಡದ್ದನ್ನೇ ಬರೆದರೆ ಹಳೆಯ ಸೆಲ್‌ನಲ್ಲೂ ರೇಖೆ ನೇರವಾಗೇ ಬರುತ್ತದೆ, ಏಕೆಂದರೆ ವೋಲ್ಟ್‌ಮೀಟರ್ ಅಳೆಯುತ್ತಿರುವುದು ರೆಸಿಸ್ಟರಿನ ತುದಿಗಳ ನಡುವೆ ನಿಜವಾಗಿ ಇರುವ ವಿಭವಾಂತರವನ್ನು (ವೋಲ್ಟನ್ನು). ನಾಲ್ಕನೇ ಪುಟದಲ್ಲಿ ಮೂರು ನೋಟ್‌ಬುಕ್ಕಿನ ಚಿತ್ರ: ಒಂದು ಸರಿ, ಒಂದು ಅರೆಬರೆ, ಒಂದು ಪೂರ್ತಿ ತಪ್ಪು. ಹೆಸರು ಮುಚ್ಚಿ. ಚೆಂದದ ನೋಟ್‌ಬುಕ್ ಮಾತ್ರ ಹಾಕಿದರೆ ‘ನಿಮ್ಮ ಮಕ್ಕಳು ಜಾಣರು ಬಿಡಿ’ ಎಂಬ ಮಾತು ಬಂದೇ ಬರುತ್ತದೆ.

ಕಡತದ ವಿಷಯ ಒಂದು. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸಿದರೆ ಮೊಬೈಲಿನಲ್ಲಿ ಅರ್ಥವಿಲ್ಲದ ಅಕ್ಷರಗಳು ಕಾಣುತ್ತವೆ. ಯೂನಿಕೋಡ್‌ನಲ್ಲಿ ಬರೆದು ಓದಲು ಪಿಡಿಎಫ್, ತಿದ್ದಿಕೊಳ್ಳಲು ವರ್ಡ್, ಎರಡನ್ನೂ ಕೊಡಿ. ವಿಡಿಯೊ ಉದ್ದವಾದರೆ ಯಾರೂ ನೋಡುವುದಿಲ್ಲ. ಒಂದೂವರೆ ನಿಮಿಷದ ಮೂರು ತುಣುಕು, ಕೈ ಮತ್ತು ವೈರ್ ಮಾತ್ರ ಕಾಣಲಿ, ಮಕ್ಕಳ ಮುಖ ಬೇಡ. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣ ವಿಕಿಯ ರೂಪದ್ದು, ದೀರ್ಘಕಾಲ ಉಳಿಸಲು ಅಂಥ ಜಾಗ ಒಳ್ಳೆಯದು. ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದು ಎರಡು ದಿನದ ಶುಭೋದಯಗಳ ಕೆಳಗೆ ಹೂತುಹೋಗುತ್ತದೆ.

ಪ್ರಾತ್ಯಕ್ಷಿಕೆಗೆ ಐದು ಶಾಲೆಯ ಶಿಕ್ಷಕರು ಸಾಕು. ಬರುವವರಿಗೆ ಓಓಡಿ (ಅನ್ಯ ಕರ್ತವ್ಯದ ಅನುಮತಿ) ಸಿಗಬೇಕಾದರೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಎರಡು ವಾರ ಮೊದಲೇ ಮುಖ್ಯ ಶಿಕ್ಷಕರ ಮೂಲಕ ಪತ್ರ ಹೋಗಬೇಕು. ಇಲ್ಲದಿದ್ದರೆ ಸ್ವಂತ ಸಾಂದರ್ಭಿಕ ರಜೆ (ಸಿಎಲ್) ಹಾಕಿ ಬರುವವರು ಒಬ್ಬಿಬ್ಬರೇ. ಜನವರಿಯ ನಂತರ ಕರೆಯಲೇಬೇಡಿ, ಆಗ ಎಲ್ಲರ ತಲೆಯಲ್ಲೂ ಪೂರ್ವಸಿದ್ಧತಾ ಪರೀಕ್ಷೆ. ಮೊದಲ ಪಿರಿಯಡ್ ನಿಜವಾದ ತರಗತಿ, ಬಂದವರು ಹಿಂದೆ ನಿಂತು ನೋಡಲಿ. ಆಮೇಲೆ ಬಾಗಿಲು ಹಾಕಿ ಶಿಕ್ಷಕರೇ ಜೋಡಿಸಬೇಕು, ಅದೂ ಮೊದಲು ಬೇಕೆಂದೇ ತಪ್ಪಾಗಿ. ವೋಲ್ಟ್‌ಮೀಟರನ್ನು ಸರಣಿಯಲ್ಲಿ ಹಾಕಿ ನೋಡಿದರೆ ಏನೂ ಹಾಳಾಗುವುದಿಲ್ಲ. ಅಮ್ಮೀಟರನ್ನು ಸಮಾಂತರದಲ್ಲಿ ಮಾತ್ರ ಯಾರೂ ಪರೀಕ್ಷಿಸಬಾರದು, ಸುರುಳಿ ಸುಡುತ್ತದೆ. ಎಲ್ಲರೂ ಒಟ್ಟಿಗೆ ತಪ್ಪು ಮಾಡುವಾಗ ಸಂಕೋಚ ಕರಗುತ್ತದೆ, ಪ್ರಶ್ನೆಗಳು ಆಗಲೇ ಹೊರಬರುವುದು.

ಎಸ್‌ಎಸ್‌ಎಲ್‌ಸಿ ಫಲಿತಾಂಶದ ಶೇಕಡಾವನ್ನು ಪುರಾವೆಯಾಗಿ ತೋರಿಸಲಿಲ್ಲ. ಅದು ಆ ವರ್ಷದ ಮಕ್ಕಳು, ಪ್ರಶ್ನೆಪತ್ರಿಕೆ ಎಲ್ಲದರ ಮೇಲೂ ಹೋಗುತ್ತದೆ. ಪ್ರಯೋಗಕ್ಕೆ ಮೊದಲು ಮತ್ತು ಎರಡು ವಾರದ ನಂತರ ಒಂದೇ ಕೆಲಸ ಕೊಟ್ಟೆವು: ವಿದ್ಯುತ್ ಮಂಡಲದ (ಸರ್ಕ್ಯೂಟಿನ) ಚಿತ್ರವನ್ನು ನೆನಪಿನಿಂದ ಬರೆಯಿರಿ. ವೋಲ್ಟ್‌ಮೀಟರ್ ಸಮಾಂತರದಲ್ಲಿ ಇಟ್ಟವರೆಷ್ಟು ಎಂದು ಎಣಿಸುವುದು ಹತ್ತು ನಿಮಿಷದ ಕೆಲಸ. ತೆಗೆದುಕೊಂಡ ಶಾಲೆಯೂ ಅದನ್ನೇ ಎಣಿಸಬಹುದು.

ಎರಡು ಜೊತೆ ಪೆಟ್ಟಿಗೆ ಸುತ್ತಲು ಬಿಟ್ಟೆವು, ಒಂದು ಶಾಲೆಗೆ ಹತ್ತು ದಿನ. ಮುಚ್ಚಳದ ಒಳಗೆ ಅಂಟಿಸಿದ ಚೀಟಿಯಲ್ಲಿ ಮೂರೇ ಕಾಲಂ: ಏನು ಮುರಿಯಿತು, ಏನು ಮುಗಿಯಿತು, ಟಿಪ್ಪಣಿಯಲ್ಲಿ ಏನು ಅರ್ಥವಾಗಲಿಲ್ಲ. ಮೂರನೆಯದನ್ನು ಖಾಲಿ ಬಿಟ್ಟ ಶಾಲೆಗೆ ಫೋನ್ ಮಾಡಿ ಕೇಳುತ್ತೇವೆ. ಬಹುಪಾಲು ಸಲ ಅಲ್ಲಿ ಪೆಟ್ಟಿಗೆ ತೆರೆದಿರುವುದೇ ಇಲ್ಲ. ವಾಪಸ್ ಕಳಿಸುವಾಗ ಸೆಲ್ ಹೊರತೆಗೆದು ಬೇರೆ ಕವರಿನಲ್ಲಿ ಹಾಕಲು ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದೆ. ಒಳಗೇ ಬಿಟ್ಟರೆ ಸೋರಿ ಹೋಲ್ಡರಿನ ಸ್ಪ್ರಿಂಗ್ ತಿಂದುಹಾಕುತ್ತದೆ.