ಐನ್‌ಮನೆಯ ದೀಪ ಮತ್ತು ಮೂರನೇ ಬೆಡ್ಡಿನ ಅಜ್ಜ

ನಾನು ವಿರಾಜಪೇಟೆಯವಳು, ಸಂತ ಅನ್ನಮ್ಮ ಚರ್ಚಿನ ಗಂಟೆ ಕೇಳುತ್ತಾ ಬೆಳೆದವಳು. 1792ರಲ್ಲಿ ಶುರುವಾದ ಚರ್ಚು ಅದು. ಟಿಪ್ಪುವಿನ ಕಾಲದಲ್ಲಿ ನೆಲೆ ಕಳೆದುಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಇಲ್ಲಿ ಜಾಗ ಕೊಟ್ಟ ಅಂತ ಮನೆಯಲ್ಲಿ ಹೇಳುತ್ತಿದ್ದರು. ಬೇರೆ ಧರ್ಮದ ರಾಜ ನಮ್ಮ ಪ್ರಾರ್ಥನೆಗೆ ಜಾಗ ಬಿಟ್ಟುಕೊಟ್ಟ. ಈ ಮಾತಿನ ತೂಕ ನನಗೆ ಗೊತ್ತಾಗಿದ್ದು ನರ್ಸಿಂಗ್‌ಗೆ ಸೇರಿದ ಮೇಲೆ.

ಎರಡನೇ ವರ್ಷದ ಪೋಸ್ಟಿಂಗ್. ಮರುದಿನ ಆಪರೇಷನ್ ಇದ್ದ ಅಕ್ಕ ಒಬ್ಬರು ಹೆದರಿ ಕೂತಿದ್ದರು. ನಾನು ಕೈ ಹಿಡಿದು, "ಅಕ್ಕಾ, ಯೇಸುಸ್ವಾಮಿಗೆ ಪ್ರಾರ್ಥನೆ ಮಾಡಲಾ?" ಅಂದೆ. ಹೂಂ ಅಂದರು. ಪ್ರಾರ್ಥನೆ ಮುಗಿಸಿ ಕಣ್ಣು ಬಿಟ್ಟಾಗ ಅವರು ಗಂಡನ ಮುಖ ನೋಡುತ್ತಿದ್ದರು. ಕೈ ಮೆಲ್ಲಗೆ ಕಂಬಳಿಯೊಳಗೆ ಹೋಯಿತು.

ಇನ್‌ಚಾರ್ಜ್ ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದರು. ಅವರೂ ಚರ್ಚಿಗೆ ಹೋಗುವವರೇ. "ಅವರು ಮಲಗಿದ್ದಾರೆ, ನೀನು ನಿಂತಿದ್ದೀಯ. ಸೂಜಿ ನಿನ್ನ ಕೈಯಲ್ಲಿದೆ. ಬೇಡ ಅಂತ ಹೇಳೋಕೆ ಅವರಿಗೆ ಧೈರ್ಯ ಎಲ್ಲಿಂದ ಬರುತ್ತೆ ಮಗಾ?" ಅಂದರು. ಆ ರಾತ್ರಿ ನಿದ್ದೆ ಬರಲಿಲ್ಲ. ಯೆರಿಕೋ ದಾರಿಯಲ್ಲಿ ಕೂಗುತ್ತಿದ್ದ ಕುರುಡನನ್ನು ಯೇಸು ಮೊದಲು ಕೇಳಿದ್ದೇ 'ನಿನಗೆ ಏನು ಮಾಡಬೇಕು' ಅಂತ ಅಲ್ವಾ? ಕಣ್ಣಿಲ್ಲ ಅನ್ನೋದು ಎದುರಿಗೇ ಕಾಣುತ್ತಿದ್ದರೂ ಕೇಳಿದರು. ನಾನು ಕೇಳಿರಲಿಲ್ಲ.

ಕೇಳೋದಕ್ಕೂ ಒಂದು ಕ್ರಮ ಇದೆ ಅಂತ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು. ಅಮೆರಿಕದ ಡಾಕ್ಟರ್ ಕ್ರಿಸ್ಟಿನಾ ಪುಚಾಲ್ಸ್ಕಿ 1996ರಲ್ಲಿ ರೂಪಿಸಿದ್ದು, ಹೆಸರು 'ಫೈಕಾ'. ಕಷ್ಟ ಬಂದಾಗ ಏನನ್ನು ನಂಬಿ ಗಟ್ಟಿಯಾಗಿರುತ್ತೀರಿ, ಈ ಕಾಯಿಲೆಯಲ್ಲಿ ಅದು ನಿಮಗೆ ಎಷ್ಟು ಮುಖ್ಯ, ಜೊತೆಗೆ ಯಾರಿದ್ದಾರೆ, ಇಲ್ಲಿ ನಾವೇನು ಮಾಡಿಕೊಡಬೇಕು. ಇಷ್ಟೇ.

ಇದನ್ನು ಹಾಳೆಯಲ್ಲಿ ಬರೆದುಕೊಂಡು ಮೂರನೇ ಬೆಡ್ಡಿನ ಅಜ್ಜನ ಹತ್ತಿರ ಹೋದೆ. ಕೊಡವ ಅಜ್ಜ, ಮಳೆಯಲ್ಲಿ ಜಾರಿ ಬಿದ್ದು ತೊಡೆಮೂಳೆ ಮುರಿದಿತ್ತು. ಕಾಲಿಗೆ ತೂಕ ಕಟ್ಟಿ ಎಳೆದಿಡುವ ಟ್ರಾಕ್ಷನ್ ಹಾಕಿದ್ದರು. ಮೊದಲ ಪ್ರಶ್ನೆಗೇ, "ಇದೂ ಕೇಸ್ ಶೀಟಿಗಾ ಮಗಳೇ?" ಅಂದರು. ಹಾಳೆ ಮಡಚಿ ಜೇಬಿಗೆ ಹಾಕಿದೆ. ಆಮೇಲೆ ಯಾವತ್ತೂ ಹೊರಗೆ ತೆಗೆದಿಲ್ಲ.

ಈ ಅಜ್ಜ ದಿನವಿಡೀ ಸುಮ್ಮನಿದ್ದು, ಸಂಜೆ ಆರೂವರೆ ಆಗುತ್ತಿದ್ದ ಹಾಗೆ ಚಡಪಡಿಸುತ್ತಿದ್ದರು. ಬೆಡ್‌ಶೀಟ್ ಹಿಡಿದು ಎಳೆಯುತ್ತಿದ್ದರು. ನೋವು ಅಂದುಕೊಂಡು ಇಂಜೆಕ್ಷನ್ ಕೊಟ್ಟೆವು, ಕಡಿಮೆ ಆಗಲಿಲ್ಲ. ನಾಲ್ಕನೇ ದಿನ ಬೆನ್ನಿಗೆ ಪೌಡರ್ ಹಾಕಿ ಉಜ್ಜುತ್ತಾ, "ಅಜ್ಜಾ, ಈ ಹೊತ್ತಿಗೆ ಮನೆಯಲ್ಲಿದ್ದಿದ್ದರೆ ಏನು ಮಾಡುತ್ತಿದ್ದಿರಿ?" ಅಂದೆ. ಮುಖ ಆ ಕಡೆ ಇತ್ತು, ಅದಕ್ಕೇ ಮಾತು ಸಲೀಸಾಗಿ ಬಂತೋ ಏನೋ. "ದೀಪ," ಅಂದರು. ಐನ್‌ಮನೆ ಅಂದರೆ ಕುಟುಂಬದ ಮೂಲಮನೆ; ಅದರ ನೆಲ್ಲಕ್ಕಿ ನಡುಬಾಡೆ ಅನ್ನೋ ನಡುಮನೆಯಲ್ಲಿ, ಕುಟುಂಬದ ಹಿರಿಯರಾದ ಗುರುಕಾರೋಣರ ಹೆಸರಿನಲ್ಲಿ ಸಂಜೆ ದೀಪ ಹಚ್ಚುತ್ತಿದ್ದವರು ಇವರೇ. "ಈಗ ಯಾರು ಹಚ್ಚುತ್ತಾರೋ, ಮರೆತರೋ."

ಅವರ ಮಗನಿಗೆ ಫೋನ್ ಮಾಡಿಸಿದೆ. ಸ್ಪೀಕರ್‌ನಲ್ಲಿ ಸೊಸೆಯ ದನಿ: "ಹಚ್ಚಿದ್ದೀನಿ ಮಾವ, ಈಗ ತಾನೇ." ಹಿಂದೆ ಹೆಂಚಿನ ಮೇಲೆ ಮಳೆ ಹೊಯ್ಯುವ ಸದ್ದು. ಅಜ್ಜನ ಮುಷ್ಟಿ ಸಡಿಲವಾಯಿತು, ಬೆಡ್‌ಶೀಟಿನಲ್ಲಿ ಬೆರಳುಗಳ ಸುಕ್ಕು ಹಾಗೇ ಉಳಿದಿತ್ತು. ಡಿಸ್ಚಾರ್ಜ್ ಆಗುವವರೆಗೂ ಸಂಜೆಯ ಆ ಫೋನ್ ಕೇರ್ ಪ್ಲಾನಿನಲ್ಲೇ ಇತ್ತು. ಬೆನ್ನು ಉಜ್ಜುವಾಗ, ತಲೆ ಬಾಚುವಾಗ ಬರುವ ಮಾತು ಎದುರು ಕೂತು ಕೇಳಿದರೆ ಬರುವುದಿಲ್ಲ, ಇದನ್ನು ಮಾತ್ರ ಜೂನಿಯರ್‌ಗಳಿಗೆ ಒತ್ತಿ ಹೇಳುತ್ತೇನೆ.

ಕೊಂಡಂಗೇರಿ ಕಡೆಯ ಉಮ್ಮ ಒಬ್ಬರಿಗೆ ನಾನು ಮಾಡಿದ್ದು ಡ್ರೆಸ್ಸಿಂಗ್ ಹೊತ್ತನ್ನು ನಮಾಜಿನಿಂದ ಆಚೆಗೆ ಸರಿಸಿದ್ದು, ಅಷ್ಟೇ. ನೀರು ತಾಗಿಸಬಾರದಾದರೆ, ನಮಾಜಿಗೆ ಮುಂಚೆ ನೀರಿನಲ್ಲಿ ತೊಳೆದುಕೊಳ್ಳುವ ಬದಲು ಶುದ್ಧ ಮಣ್ಣು ಮುಟ್ಟಿ ತಯಮ್ಮುಮ್ ಮಾಡಬಹುದು ಅಂತ ಅವರೇ ನನಗೆ ಕಲಿಸಿದರು.

ನನ್ನ ಪ್ರಾರ್ಥನೆ ಬಿಟ್ಟಿಲ್ಲ. ಹಾಸ್ಟೆಲ್‌ನಲ್ಲಿ ಜಪಸರ ಹಿಡಿದಾಗ ಒಂದೊಂದು ಮಣಿಗೂ ಒಂದೊಂದು ಬೆಡ್ಡಿನವರು ನೆನಪಾಗುತ್ತಾರೆ. ಯಾರಾದರೂ ತಾವಾಗಿ ಕೇಳಿದರೆ ಅವರ ಎದುರಿಗೂ ಮಾಡುತ್ತೇನೆ.

ಕಳೆದ ತಿಂಗಳು ಸ್ಟ್ರೋಕ್ ಆದ ಅಜ್ಜಿ ಬಂದರು, ಮೂಗಿನಲ್ಲಿ ಟ್ಯೂಬ್. ಇನ್ನು ಜಾಸ್ತಿ ದಿನ ಇಲ್ಲ ಅಂತ ಡಾಕ್ಟರ್ ಹೇಳಿದ್ದರು. ಮಗಳು ಸೆರಗಿನಲ್ಲಿ ಸಣ್ಣ ಬಾಟಲಿ ಮುಚ್ಚಿಟ್ಟುಕೊಂಡಿದ್ದರು. ತುಲಾ ಸಂಕ್ರಮಣಕ್ಕೆ ತಲಕಾವೇರಿಯಿಂದ ತಂದಿಟ್ಟಿದ್ದ ತೀರ್ಥ. ಕೊನೆಗಾಲದಲ್ಲಿ ಬಾಯಿಗೆ ಬಿಡಲೇಬೇಕು. ಆದರೆ ನುಂಗಲು ಬಾರದವರಿಗೆ ಒಂದು ಚಮಚ ಬಿಟ್ಟರೂ ಶ್ವಾಸಕೋಶಕ್ಕೆ ಹೋಗಬಹುದು. ಬೈತಾರೆ ಅಂತ ಹೆದರಿ, ಯಾರೂ ಇಲ್ಲದಾಗ ಕೊಡೋಣ ಅಂತ ಕಾಯುತ್ತಿದ್ದರಂತೆ.

ಡಾಕ್ಟರನ್ನು ಕೇಳಿ ಬಂದೆ. ಅಜ್ಜಿಯನ್ನು ಒಂದು ಮಗ್ಗುಲಿಗೆ ತಿರುಗಿಸಿ, ತಲೆ ಎತ್ತರಿಸಿದೆ. ಹತ್ತಿಯನ್ನು ತೀರ್ಥದಲ್ಲಿ ಅದ್ದಿ, ಹನಿ ಬೀಳದ ಹಾಗೆ ಹಿಂಡಿ ಮಗಳ ಕೈಗೆ ಕೊಟ್ಟೆ. "ಅಕ್ಕಾ, ತುಟಿಗೆ ಒರೆಸಿ, ನೀವೇ ಮಾಡಿ." ಅವರು ಒಣಗಿದ ತುಟಿಯನ್ನು ನಿಧಾನವಾಗಿ ಒರೆಸಿದರು, "ಅವ್ವಾ, ಕಾವೇರಮ್ಮೆ," ಅನ್ನುತ್ತಾ.

ಬಾಟಲಿಯಲ್ಲಿ ಅರ್ಧ ಉಳಿದಿತ್ತು. ಅದಕ್ಕೆ ಪ್ಲಾಸ್ಟರ್ ಅಂಟಿಸಿ, 'ತೀರ್ಥ, ಚೆಲ್ಲಬೇಡಿ' ಅಂತ ಬರೆದು ಲಾಕರ್ ಮೇಲಿಟ್ಟೆ. ನೈಟ್ ಡ್ಯೂಟಿಯವರಿಗೆ ಹ್ಯಾಂಡೋವರ್ ಕೊಡುವಾಗ ಬಿ.ಪಿ., ಯೂರಿನ್ ಲೆಕ್ಕದ ಜೊತೆಗೆ ಅದನ್ನೂ ಹೇಳಿದೆ, ಹತ್ತಿ ಎಷ್ಟು ಹಿಂಡಬೇಕು ಅಂತಲೂ ತೋರಿಸಿದೆ.