ಮುಖದ ಪಾರ್ಶ್ವವಾಯು: ಅನುಭವ ಹಂಚಿಕೊಳ್ಳುವವರಿಗೆ ಒಂದು ಸಲಹೆ

ಮುಖದ ಒಂದು ಬದಿಯ ಚಲನೆ ಕಳೆದುಕೊಂಡವರು ಸಾಮಾಜಿಕ ಜಾಲತಾಣದಲ್ಲಿ ಚಿತ್ರ ಅಥವಾ ವಿಡಿಯೊ ಹಾಕುವಾಗ, ತೊಂದರೆಯ ಕಾರಣವನ್ನೂ ಅದು ಆರಂಭವಾಗಿ ಎಷ್ಟು ಕಾಲವಾಯಿತೆಂಬುದನ್ನೂ ಮೊದಲಿಗೇ ಬರೆಯುವುದು ಒಳ್ಳೆಯದು. ಬೆಲ್ಸ್ ಪಾಲ್ಸಿ (ಸ್ಪಷ್ಟ ಕಾರಣ ಕಾಣದೆ ಮುಖದ ನರ ಹಠಾತ್ತನೆ ದುರ್ಬಲವಾಗುವ ತೊಂದರೆ) ಬಂದವರಲ್ಲಿ ಹೆಚ್ಚಿನವರು ಕೆಲವು ವಾರ ಅಥವಾ ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಸರ್ಪಸುತ್ತಿನ ವೈರಾಣುವಿನಿಂದ ಬರುವ ರಾಮ್‌ಸೇ ಹಂಟ್ ಸಿಂಡ್ರೋಮ್‌ನಲ್ಲಿ, ಅಥವಾ ಶಸ್ತ್ರಚಿಕಿತ್ಸೆಯ ವೇಳೆ ನರಕ್ಕೆ ಪೆಟ್ಟಾದಾಗ, ಚೇತರಿಕೆ ಅಪೂರ್ಣವಾಗಿ ಉಳಿಯುವ ಸಾಧ್ಯತೆ ಹೆಚ್ಚು. ಈ ವಿವರವಿಲ್ಲದೆ ‘ವ್ಯಾಯಾಮದಿಂದ ಒಂದೇ ತಿಂಗಳಲ್ಲಿ ವಾಸಿಯಾಯಿತು’ ಎಂದು ಬರೆದರೆ, ವರ್ಷಗಳಿಂದ ಕಾಯುತ್ತಿರುವವರು ತಮ್ಮ ಪ್ರಯತ್ನವೇ ಸಾಲದಾಯಿತೆಂದು ಕೊರಗಬಹುದು.

ಬದಲಾವಣೆಯನ್ನು ತೋರಿಸಲು ನಗುವಿನ ಚಿತ್ರವೊಂದೇ ಸಾಲದು. ಹುಬ್ಬೇರಿಸುವುದು, ಕಣ್ಣು ಮುಚ್ಚುವುದು, ತುಟಿ ಚೂಪಾಗಿಸುವುದು ಇವನ್ನು ಪ್ರತಿ ಬಾರಿಯೂ ಒಂದೇ ಬೆಳಕಿನಲ್ಲಿ, ಒಂದೇ ದೂರದಿಂದ ಚಿತ್ರೀಕರಿಸಿರಿ. ಸೆಲ್ಫಿ ಕ್ಯಾಮೆರಾ ಎಡಬಲಗಳನ್ನು ಅದಲುಬದಲು ಮಾಡುವುದುಂಟು. ಆದುದರಿಂದ ಯಾವ ಬದಿಯೆಂದು ಬರೆದುಬಿಡಿ.

ಹೊಸದಾಗಿ ಬಾಯಿ ಓರೆಯಾಗಿದೆ ಎಂದು ಯಾರಾದರೂ ಕೇಳಿದರೆ, ವ್ಯಾಯಾಮ ಸೂಚಿಸುವ ಉತ್ಸಾಹವನ್ನು ದಯವಿಟ್ಟು ತಡೆದುಕೊಳ್ಳಿ. ಅದು ಮೆದುಳಿನ ಆಘಾತ (ಸ್ಟ್ರೋಕ್) ಆಗಿರಬಹುದು. ಬೆಲ್ಸ್ ಪಾಲ್ಸಿಯೇ ಆಗಿದ್ದರೂ ಸ್ಟೆರಾಯ್ಡ್ ಚಿಕಿತ್ಸೆಯನ್ನು 72 ಗಂಟೆಗಳೊಳಗೆ ಆರಂಭಿಸಿದರೆ ಹೆಚ್ಚು ಪ್ರಯೋಜನವಿರುವುದರಿಂದ, ತಕ್ಷಣ ಆಸ್ಪತ್ರೆಗೆ ಹೋಗುವಂತೆ ತಿಳಿಸಿರಿ.